ಜಿಟ್ಕಾಲಾ-ಶಾ ಎಂಬಾಕೆಯ ಚರಿತ್ರೆ

ಇಂತಹ ಸಂಚಿಕೆಗಳಲ್ಲಿ ತಮ್ಮ ಶಾಲೆಗೆ ಕೀರ್ತಿಯನ್ನು ತಂದವರ ಚರಿತ್ರೆಯನ್ನು ಬರೆಯುವುದು ವಾಡಿಕೆ. ಈ ಸಲ ನಾವು ಶಾಲೆಯಿಂದಲೇ ನೊಂದ ಒಬ್ಬ ಸ್ತ್ರೀಯ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿನಿಯರ ಮುಂದೆ ಇಡುತ್ತೇವೆ. ಆ ಶಾಲೆಯೂ ನಮ್ಮದರಂತೆ ಕ್ರೈಸ್ತರೇ ನಡೆಸುತ್ತಿದ್ದುದಾದುದರಿಂದ ಇದನ್ನು ಮರೆಮಾಚದೆ ಹೇಳುವುದು ನಮ್ಮ ಕರ್ತವ್ಯವಾಗಿದೆ.

ಈಕೆಯು 1876ನೆಯ ಇಸವಿ ಫೆಬ್ರವರಿ 22ರಂದು ಅಮೇರಿಕೆಯ ಡಕೋಟ ಸೀಮೆಯಲ್ಲಿ, ಅಲ್ಲಿಯ ಮೂಲನಿವಾಸಿಗಳಾದ ಯಾಂಕ್ಟನ್ ಜನರಲ್ಲಿ ಹುಟ್ಟಿದಳು. ತಂದೆಯು ಬಿಳಿಯನು, ಸಂಸಾರವನ್ನು ತೊರೆದು ಹೋದವನು. ತಾಯಿಯು ಮಿಸೌರಿ ನದಿಯ ಸಮೀಪದ ಗುಡಾರದಲ್ಲಿ ಮಗಳಿಗೆ ಮಣಿಗಳ ಕಸೂತಿಯನ್ನು ಕಲಿಸುತ್ತ ಸಾಕಿದಳು. 1884ರಲ್ಲಿ ಮಿಶನರಿಗಳು ಮಕ್ಕಳನ್ನು ಕರೆದೊಯ್ಯಲು ಬಂದರು. ಪೂರ್ವದೇಶದಲ್ಲಿ ಕೆಂಪು ಸೇಬುಗಳು ಬೇಕಾದಷ್ಟು ದೊರೆಯುವುವೆಂದು ಕೇಳಿ, ಉಗಿಬಂಡಿಯನ್ನು ಏರುವ ಆಸೆಯೂ ಸೇರಿ, ಎಂಟು ವರುಷದ ಆ ಮಗುವು ಹಟ ಹಿಡಿಯಿತು. ತಾಯಿಯು ಒಲ್ಲದ ಮನಸ್ಸಿನಿಂದ ಒಪ್ಪಿದಳು.

ಇಂಡಿಯಾನಾ ಪ್ರಾಂತದ ವಾಬಾಷ್‌ನಲ್ಲಿದ್ದ ಕ್ವೇಕರ್ ಸಭೆಯವರ ಬೋರ್ಡಿಂಗ್ ಶಾಲೆಗೆ ಮುಟ್ಟಿದ ಮೇಲೆ, ಮಕ್ಕಳ ಜಡೆಗಳನ್ನು ಕತ್ತರಿಸುವರೆಂಬ ಸುದ್ದಿಯು ಹಬ್ಬಿತು. ಆಕೆಯ ಜನರಲ್ಲಿ ಶೋಕದಲ್ಲಿರುವವರೂ, ವೈರಿಗಳಿಗೆ ಸೆರೆಸಿಕ್ಕ ಹೇಡಿಗಳೂ ಮಾತ್ರ ಕೂದಲನ್ನು ಕಳೆದುಕೊಳ್ಳುವರು. ನಮ್ಮ ನಾಡಿನಲ್ಲಿ ವಿಧವೆಯ ತಲೆ ಬೋಳಿಸುತ್ತಿದ್ದುದನ್ನು ಹಿರಿಯರಿಂದ ಕೇಳಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಡುಗಿಯು ಮಂಚದ ಕೆಳಗೆ ಅಡಗಿದಳು. ಆಕೆಯನ್ನು ಎಳೆದು ತಂದು, ಕುರ್ಚಿಗೆ ಕಟ್ಟಿ, ಜಡೆಗಳನ್ನು ಕತ್ತರಿಸಿದರು. ಶುಚಿಗಾಗಿ ಮಾಡಿದೆವೆಂದು ಆ ಅಮ್ಮಂದಿರು ನಂಬಿದ್ದಿರಬಹುದು. ಮಗುವಿನ ಭಾಷೆಯಲ್ಲಿ ಅದರ ಅರ್ಥವೇನೆಂದು ವಿಚಾರಿಸಿದವರು ಮಾತ್ರ ಯಾರೂ ಇರಲಿಲ್ಲ.

ಅಲ್ಲಿಯ ಇನ್ನೊಂದು ಸಂಗತಿಯನ್ನು ಆಕೆಯೇ ಬರೆದಿದ್ದಾಳೆ. ಬಗೆಬಗೆಯ ರೋಗಗಳಿದ್ದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಂದೇ ದೊಡ್ಡ ಸೀಸೆಯಿಂದ, ಒಂದೇ ಚಮಚದಲ್ಲಿ ಎಲ್ಲರಿಗೂ ಔಷಧವನ್ನು ಹಾಕುತ್ತಿದ್ದರು. ಆಕೆಯ ಒಬ್ಬ ಸಹಪಾಠಿಯು ಕ್ಷಯದಿಂದ ಸತ್ತಳು. ಬೋರ್ಡಿಂಗ್ ನಡೆಸುವ ನಾವು ಈ ಪುಟವನ್ನು ಓದಿದ ದಿನ ನಮ್ಮ ಔಷಧದ ಕಪಾಟನ್ನು ತೆರೆದು ನೋಡದೆ ಇರಲಾಗಲಿಲ್ಲ.

ಮೂರು ವರುಷಗಳ ಮೇಲೆ ಊರಿಗೆ ಮರಳಿದಾಗ ಆಕೆಗೆ ತಾಯಿಯ ಮನೆಯೂ ಪರಕೀಯವಾಗಿತ್ತು. ಆದರೂ ವಿದ್ಯೆಯನ್ನು ಬಿಡಲಿಲ್ಲ. ಪುನಃ ಅದೇ ಶಾಲೆಗೆ ಹೋಗಿ, 1895ರಲ್ಲಿ ಅರ್ಲ್‌ಹ್ಯಾಮ್ ಕಾಲೇಜನ್ನು ಸೇರಿ, ಮರುವರುಷ ಪ್ರಾಂತದ ಭಾಷಣಸ್ಪರ್ಧೆಯಲ್ಲಿ ಎರಡನೆಯ ಸ್ಥಾನವನ್ನು ಪಡೆದಳು. ಆ ಸಭೆಯಲ್ಲಿಯೇ ಆಕೆಯ ಕುಲವನ್ನು ಹೀಯಾಳಿಸುವ ಪತಾಕೆಯನ್ನು ಎತ್ತಿದ್ದರು. 1897ರಲ್ಲಿ ಪೆನ್ಸಿಲ್ವೇನಿಯದ ಕಾರ್ಲೈಲ್ ಶಾಲೆಯಲ್ಲಿ ಉಪಾಧ್ಯಾಯಿನಿಯಾದಳು. ಅದು ಸೇನಾಧಿಕಾರಿ ಪ್ರಾಟ್ ಎಂಬವನು 1879ರಲ್ಲಿ ಸ್ಥಾಪಿಸಿದ ಸರಕಾರೀ ಶಾಲೆ; ಭಾಷೆ, ಉಡುಪು, ಹೆಸರುಗಳನ್ನು ಕಳಚಿ ಮಕ್ಕಳನ್ನು ಬಿಳಿಯರಂತೆ ಮಾಡುವುದು ಅದರ ಉದ್ದೇಶ. ಹೊಸ ಮಕ್ಕಳನ್ನು ಕರೆತರಲು ಈಕೆಯನ್ನೇ ಸ್ವದೇಶಕ್ಕೆ ಕಳುಹಿಸಿದರು. ತನ್ನನ್ನು ಕರೆದೊಯ್ದವರ ಕೆಲಸವೇ ತನ್ನ ಕೈಗೆ ಬಂದಿತು! ಅಲ್ಲಿ ತಾಯಿಯ ಮನೆಯು ಜೀರ್ಣವಾಗಿತ್ತು. ಸುತ್ತಲ ನೆಲದಲ್ಲಿ ಬಿಳಿಯರು ನೆಲೆಸಿದ್ದರು.

ಕಾರ್ಲೈಲನ್ನು ಬಿಟ್ಟು ಬಾಸ್ಟನ್ನಿನಲ್ಲಿ ಪಿಟೀಲು ಕಲಿತಳು. ಗರ್ಟ್ರೂಡ್ ಸಿಮ್ಮನ್ಸ್ ಎಂಬ ಹೆಸರಿನ ಬದಲಿಗೆ, ಕೆಂಪು ಹಕ್ಕಿ ಎಂಬರ್ಥದ ಜಿಟ್ಕಾಲಾ-ಶಾ ಎಂಬ ಹೆಸರನ್ನು ತಾನೇ ಇಟ್ಟುಕೊಂಡು, 1900ರಲ್ಲಿ ಅಟ್ಲಾಂಟಿಕ್ ಮಂತ್ಲಿ ಪತ್ರಿಕೆಯಲ್ಲಿ ತನ್ನ ಬಾಲ್ಯದ ಮೂರು ಲೇಖನಗಳನ್ನು ಪ್ರಕಟಿಸಿದಳು. ಕಾರ್ಲೈಲಿನವರು ಕೃತಘ್ನಳೆಂದರು. ಆದರೆ ಶಾಲೆಯು ಕಲಿಸಿದ ಇಂಗ್ಲಿಷಿನಲ್ಲಿಯೇ ಶಾಲೆಯ ತಪ್ಪನ್ನು ಬರೆದುದು ಹೇಗೆ ಕೃತಘ್ನತೆಯಾದೀತೆಂದು ನಮಗೆ ತಿಳಿಯದು.

1902ರಲ್ಲಿ ರೇಮಂಡ್ ಬಾನಿನ್ ಎಂಬವನನ್ನು ಮದುವೆಯಾಗಿ, ಯೂಟಾ ಪ್ರಾಂತದ ಮೂಲನಿವಾಸಿಗಳ ನಡುವೆ ಬಹುಕಾಲ ಕೆಲಸಮಾಡಿದಳು. ಬಳಿಕ ವಾಷಿಂಗ್ಟನ್ನಿಗೆ ಹೋಗಿ ತನ್ನ ಜನರ ಪೌರತ್ವಕ್ಕಾಗಿ ಹೋರಾಡಿದಳು; 1924ರಲ್ಲಿ ಆ ಶಾಸನವಾಯಿತು. 1926ರಲ್ಲಿ ಮೂಲನಿವಾಸಿಗಳ ರಾಷ್ಟ್ರೀಯ ಸಭೆಯೊಂದನ್ನು ಪತಿಯೊಡನೆ ಸ್ಥಾಪಿಸಿ, 1938ರ ಜನವರಿ 26ರಂದು ಮೃತಳಾಗುವವರೆಗೂ ಅದರ ಅಧ್ಯಕ್ಷಿಣಿಯಾಗಿದ್ದಳು.

ಕಾರ್ಲೈಲ್ ಶಾಲೆಯು 1918ರಲ್ಲಿ ಮುಚ್ಚಿತು. ಅದರ ಸ್ಮಶಾನದಲ್ಲಿ 180ಕ್ಕೂ ಹೆಚ್ಚು ಮಕ್ಕಳ ಸಮಾಧಿಗಳು ಉಳಿದುವು. ಅಮೇರಿಕೆಯ ಇಂತಹ ಶಾಲೆಗಳಲ್ಲಿ ಕಡಿಮೆಯೆಂದರೂ 973 ಮಕ್ಕಳು ಸತ್ತರೆಂದು ಸರಕಾರವೇ 2024ರಲ್ಲಿ ಲೆಕ್ಕ ಕೊಟ್ಟಿತು. ಅದೇ ವರುಷ ಅಧ್ಯಕ್ಷರು ಕ್ಷಮೆ ಬೇಡಿದರು. ಇಂಥದೇ ಶಾಲೆಗಳಿದ್ದ ಕೆನಡದಲ್ಲಿ 2021ರಿಂದ ಸೆಪ್ಟೆಂಬರ್ 30ನ್ನು ಆ ಮಕ್ಕಳ ಸ್ಮರಣೆಯ ದಿನವಾಗಿ ಆಚರಿಸುತ್ತಾರೆ. ಕಾರ್ಲೈಲಿನ ಸಮಾಧಿಗಳನ್ನು 2017ರಿಂದ ತೆರೆಯಲಾರಂಭಿಸಿ, ಮಕ್ಕಳ ಎಲುಬುಗಳನ್ನು ಅವರವರ ಬಂಧುಗಳ ಕೈಗೆ ಒಪ್ಪಿಸಿ ಊರಿಗೆ ಕಳುಹಿಸಿದ್ದಾರೆ.