ನೀಲಕಂಠನ ಗರಿ ಮತ್ತು ಸರ್ ಸಿ. ವಿ. ರಾಮನ್

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ವಿಜ್ಞಾನಿಯ ಬಗ್ಗೆ ಬರೆದುಕೊಡಿ ಎಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ಒಂದು ಗರಿ. ನಾನು ಇಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕಡಲೆ ಹೊಲದಲ್ಲಿ ಬಿದ್ದಿದ್ದ ನೀಲಕಂಠ ಪಕ್ಷಿಯ ಗರಿ ತಂದಳು. ಇಂಥದೇ ಇನ್ನೊಂದನ್ನು ಕಲ್ಲಿನ ಮೇಲೆ ಅರೆದಿದ್ದಳಂತೆ. ನೀಲಿ ಬರಲಿಲ್ಲ, ಕಂದು ಪುಡಿಯಾಯಿತು, ಬಣ್ಣ ಎಲ್ಲಿ ಹೋಯಿತು ಎಂದು ಕೇಳಿದಳು. ಪರೀಕ್ಷೆ ಹತ್ತಿರವಿತ್ತು, ಪಾಠ ಉಳಿದಿತ್ತು. ನಿಜ ಹೇಳಬೇಕೆಂದರೆ ಉತ್ತರ ನನಗೂ ಗೊತ್ತಿರಲಿಲ್ಲ. ಸುಮ್ಮನೆ ಕೂಡು ಎಂದು ಗದರಿಸಿದೆ.

ಆ ಪ್ರಶ್ನೆಯನ್ನು ಗದರಿಸದೆ ಕೈಗೆತ್ತಿಕೊಂಡವರು ಚಂದ್ರಶೇಖರ ವೆಂಕಟ ರಾಮನ್. 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಹುಟ್ಟಿದರು. ತಂದೆ ಕಾಲೇಜಿನ ಅಧ್ಯಾಪಕರು. ಮಗ ಮದರಾಸಿನಲ್ಲಿ ಎಂ.ಎ. ಮುಗಿಸಿ 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಹಗಲು ಲೆಕ್ಕಪತ್ರ. ಕಚೇರಿಯ ಮುಂಚೆ, ಕಚೇರಿ ಮುಗಿದ ಮೇಲೆ ಬೌಬಜಾರ್ ಬೀದಿಯ ವಿಜ್ಞಾನ ಸಂಘದ ಪ್ರಯೋಗಾಲಯ. ಹತ್ತು ವರ್ಷ ಹೀಗೇ ನಡೆಯಿತು. 1917ರಲ್ಲಿ ದೊಡ್ಡ ಸಂಬಳದ ಆ ನೌಕರಿ ಬಿಟ್ಟು ಕಡಿಮೆ ಸಂಬಳಕ್ಕೆ ಕಲ್ಕತ್ತ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಮನೆಯಲ್ಲಿ ಹಿರಿಯರು ಏನಂದಿರಬಹುದು ಎಂದು ನೌಕರಿಯ ಬೆಲೆ ಬಲ್ಲ ನಮ್ಮೂರವರಿಗೆ ಹೇಳಬೇಕಾಗಿಲ್ಲ.

ಅವರು ಹಿಡಿದ ವಿಷಯಗಳು ಕಣ್ಣೆದುರಿನವೇ. ಮೃದಂಗದ ನಡುವಿನ ಕಪ್ಪು ಲೇಪ ಏಕೆ ಬೇಕು ಎಂದು ಕೇಳಿ, ಆ ಲೇಪದಿಂದಲೇ ಚರ್ಮದ ನಾದ ತಂತಿಯ ನಾದದಂತೆ ಸ್ವರಬದ್ಧವಾಗುತ್ತದೆ ಎಂದು ತೋರಿಸಿದರು. 1921ರಲ್ಲಿ ಇಂಗ್ಲೆಂಡಿನಿಂದ ನಾರ್ಕುಂಡ ಹಡಗಿನಲ್ಲಿ ಮರಳುವಾಗ ಕಡಲಿನ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಅದು ಆಕಾಶದ ಪ್ರತಿಬಿಂಬ ಎಂಬುದು ಆಗ ದೊಡ್ಡವರ ಮಾತು. ಚಿಕ್ಕದೊಂದು ಪಟ್ಟಕದಿಂದ ಪ್ರತಿಬಿಂಬದ ಬೆಳಕನ್ನು ತಡೆದು ನೋಡಿದರು. ನೀಲಿ ಹಾಗೇ ಇತ್ತು! ನೀರಿನ ಕಣಗಳೇ ಬೆಳಕನ್ನು ಚದುರಿಸುತ್ತಿದ್ದವು. ಆ ಎಳೆ ಹಿಡಿದೇ 1928ರ ಫೆಬ್ರುವರಿ 28ರ ರಾಮನ್ ಪರಿಣಾಮಕ್ಕೆ, 1930ರ ನೊಬೆಲ್ ಪ್ರಶಸ್ತಿಗೆ ಬಂದರು. ಇದು ಪಠ್ಯದಲ್ಲಿದೆ, ಬಿಡಿ.

ಪಠ್ಯದಲ್ಲಿಲ್ಲದ್ದು ಗರಿಯ ವಿಷಯ. 1933ರಲ್ಲಿ ಅವರು ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದ ನಿರ್ದೇಶಕರಾದರು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿದರು. ಅದರ ಪತ್ರಿಕೆಯ ಮೊದಲ ಸಂಪುಟದಲ್ಲೇ ಹಕ್ಕಿಗಳ ಗರಿಯ ಬಣ್ಣದ ಬಗ್ಗೆ ಬರೆದರು. ನೊಬೆಲ್ ಪಡೆದವರು ನಮ್ಮ ಹೊಲದ ತಂತಿಯ ಮೇಲೆ ಕೂಡುವ ನೀಲಕಂಠನ ಗರಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟಿದ್ದರು ಎಂದು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಆ ಗರಿಯಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ಉಗುರಿನ ಜಾತಿಯ ವಸ್ತುವಿನಲ್ಲಿ ಗಾಳಿ ತುಂಬಿದ ಅತಿ ಸಣ್ಣ ರಂಧ್ರಗಳ ಜಾಲವಿದೆ, ಕೆಳಗೆ ಕಪ್ಪುಕಂದಿನ ಪದರವಿದೆ. ಜಾಲ ನೀಲಿ ಬೆಳಕನ್ನು ಮರಳಿಸುತ್ತದೆ, ಉಳಿದದ್ದನ್ನು ಕಂದು ನುಂಗುತ್ತದೆ. ಅರೆದರೆ ಜಾಲ ಮುರಿಯುತ್ತದೆ, ಕಂದು ಮಾತ್ರ ಉಳಿಯುತ್ತದೆ. ಗರಿಯನ್ನು ಬಿಸಿಲಿಗೆ ಅಡ್ಡ ಹಿಡಿದು ನೋಡಿದರೂ ನೀಲಿ ಮಾಯ. ಕೂತಾಗ ಮಂಕಾಗಿ ಕಾಣುವ ಈ ಹಕ್ಕಿ ರೆಕ್ಕೆ ಬಿಚ್ಚಿದಾಗ ಥಟ್ಟನೆ ನೀಲಿಯಾಗುತ್ತದೆ. ಗೂಡು ಕಟ್ಟುವ ಕಾಲಕ್ಕೆ ಗಂಡು ಆಕಾಶದಲ್ಲಿ ಲಾಗ ಹಾಕಿ ಹೆಣ್ಣಿಗೆ ತೋರಿಸುವುದೂ ಈ ರೆಕ್ಕೆಗಳನ್ನೇ.

ರಾಮನ್ 1948ರಿಂದ ತಮ್ಮದೇ ಸಂಶೋಧನಾ ಸಂಸ್ಥೆಯಲ್ಲಿ ಹೂವಿನ ಬಣ್ಣ, ವಜ್ರ, ಕಣ್ಣಿನ ನೋಟ ಎನ್ನುತ್ತ ಕೊನೆಯವರೆಗೂ ದುಡಿದರು. ಶಾಲೆಯ ಮಕ್ಕಳು ಬಂದರೆ ಅವರಿಗೆ ಹಬ್ಬ. 1970ರ ನವೆಂಬರ್ 21ರಂದು ತೀರಿಕೊಂಡರು. ಸಂಸ್ಥೆಯ ತೋಟದಲ್ಲೇ ಸಂಸ್ಕಾರವಾಯಿತು. ಆ ಜಾಗದಲ್ಲಿ ಗೋರಿಯಿಲ್ಲ, ಒಂದು ಮರವಿದೆ.

ಆ ಹುಡುಗಿಗೆ ಈಗ ಮಕ್ಕಳಿರಬೇಕು. ಮಹೋತ್ಸವಕ್ಕೆ ಬಂದರೆ ಇದೇ ನಿನ್ನ ಉತ್ತರ ತಂಗಿ, ತಡವಾಯಿತು. ನೀನು ಮೇಜಿನ ಮೇಲೆ ಬಿಟ್ಟುಹೋದ ಗರಿ ಬಹಳ ದಿನ ನನ್ನ ಹಾಜರಿ ಪುಸ್ತಕದೊಳಗಿತ್ತು.