ಮಿಷೆಲ್ ಯೂಜೀನ್ ಷೆವ್ರಲ್

ಮಿಷೆಲ್ ಯೂಜೀನ್ ಷೆವ್ರಲ್ (ಆಗಸ್ಟ್ 31, 1786 – ಏಪ್ರಿಲ್ 9, 1889) ಫ್ರಾನ್ಸ್ ದೇಶದ ರಸಾಯನವಿಜ್ಞಾನಿ. ಎಣ್ಣೆ ಹಾಗೂ ಕೊಬ್ಬುಗಳ ರಾಸಾಯನಿಕ ಸ್ವರೂಪವನ್ನು ವಿವರಿಸಿ, ಅವುಗಳಿಂದ ಮೇದಾಮ್ಲಗಳನ್ನು ಬೇರ್ಪಡಿಸಿದವರಲ್ಲಿ ಇವರು ಮೊದಲಿಗರು.

ಆರಂಭಿಕ ಜೀವನ

ಷೆವ್ರಲ್ ಆಂಜೇ ನಗರದ ವೈದ್ಯರ ಮನೆತನದಲ್ಲಿ ಜನಿಸಿದರು. 1803ರಲ್ಲಿ ಪ್ಯಾರಿಸ್‌ಗೆ ತೆರಳಿ, ರಸಾಯನವಿಜ್ಞಾನಿ ವೊಕ್ಲೆನ್ ಅವರ ಪ್ರಯೋಗಾಲಯವನ್ನು ಸೇರಿದರು.

ಮೇದಾಮ್ಲಗಳ ಸಂಶೋಧನೆ

ಸಾಬೂನು ತಯಾರಿಕೆ ಪ್ರಾಚೀನ ಕಸುಬು. ಆದರೂ ಕೊಬ್ಬನ್ನು ಕ್ಷಾರದೊಡನೆ ಕುದಿಸಿದಾಗ ನಡೆಯುವ ಬದಲಾವಣೆ ಸ್ಪಷ್ಟವಾಗಿ ತಿಳಿದಿರಲಿಲ್ಲ. 1811ರಲ್ಲಿ ಷೆವ್ರಲ್ ಹಂದಿಯ ಕೊಬ್ಬಿನಿಂದ ಮಾಡಿದ ಸಾಬೂನನ್ನು ಪರೀಕ್ಷಿಸತೊಡಗಿದರು. ಸಾಬೂನಿಗೆ ಆಮ್ಲ ಬೆರೆಸಿದಾಗ ಮೂಲ ಕೊಬ್ಬು ಮರಳಿ ಬರಲಿಲ್ಲ. ಆಮ್ಲಗುಣವುಳ್ಳ ಬೇರೆ ವಸ್ತು ದೊರೆಯಿತು. ಕೊಬ್ಬು ಒಡೆದು ಮೇದಾಮ್ಲಗಳೂ ಗ್ಲಿಸರಾಲೂ ಉಂಟಾಗುತ್ತವೆ ಎಂದು ಅವರು ಸಿದ್ಧಪಡಿಸಿದರು. ಈ ಎರಡರ ಒಟ್ಟು ತೂಕ ಮೂಲ ಕೊಬ್ಬಿನ ತೂಕಕ್ಕಿಂತ ಹೆಚ್ಚಿದ್ದುದರಿಂದ, ಈ ಕ್ರಿಯೆಯಲ್ಲಿ ನೀರೂ ಸೇರಿಕೊಳ್ಳುತ್ತದೆಂದು ತಿಳಿಯಿತು.

ಒಂದನ್ನೊಂದು ಹೋಲುವ ಮೇದಾಮ್ಲಗಳನ್ನು ಬೇರ್ಪಡಿಸುವುದು ಸುಲಭವಾಗಿರಲಿಲ್ಲ. ಷೆವ್ರಲ್ ಅವುಗಳನ್ನು ದ್ರಾವಕಗಳಲ್ಲಿ ಕರಗಿಸಿ ಮತ್ತೆ ಮತ್ತೆ ಹರಳುಗಟ್ಟಿಸಿದರು. ಕರಗುವ ಉಷ್ಣತೆ ಬದಲಾಗದೆ ನಿಂತಾಗ ವಸ್ತು ಶುದ್ಧವಾಯಿತೆಂದು ಪರಿಗಣಿಸಿದರು. ಹೀಗೆ ಸ್ಟಿಯರಿಕ್, ಓಲಿಯಿಕ್, ಬೆಣ್ಣೆಯಲ್ಲಿನ ಬ್ಯುಟಿರಿಕ್ ಮುಂತಾದ ಆಮ್ಲಗಳು ಬೆಳಕಿಗೆ ಬಂದವು. ಅವರು ಮಾರ್ಗರಿಕ್ ಆಮ್ಲವೆಂದು ಕರೆದ ವಸ್ತು ಪಾಮಿಟಿಕ್ ಮತ್ತು ಸ್ಟಿಯರಿಕ್ ಆಮ್ಲಗಳ ಮಿಶ್ರಣವೆಂದು ಮುಂದೆ ತಿಳಿಯಿತು. ಈ ಸಂಶೋಧನೆಗಳನ್ನೊಳಗೊಂಡ ಗ್ರಂಥ 1823ರಲ್ಲಿ ಪ್ರಕಟವಾಯಿತು.

ಮೇಣದಬತ್ತಿ ಮತ್ತು ಬಣ್ಣ

1825ರಲ್ಲಿ ಷೆವ್ರಲ್ ಮತ್ತು ಗೇ-ಲುಸಾಕ್ ಮೇದಾಮ್ಲಗಳಿಂದ ಮೇಣದಬತ್ತಿ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಅವರಿಗೆ ಇದರಿಂದ ವ್ಯಾಪಾರದಲ್ಲಿ ಯಶಸ್ಸು ದೊರೆಯಲಿಲ್ಲ. ಆದರೆ ಮುಂದೆ ಇತರರು ಸುಧಾರಿಸಿದ ಸ್ಟಿಯರಿನ್ ಬತ್ತಿಗಳು, ಹೊಗೆ ಮತ್ತು ದುರ್ವಾಸನೆಯ ಕೊಬ್ಬಿನ ಬತ್ತಿಗಳ ಸ್ಥಾನವನ್ನು ಪಡೆದವು.

1824ರಲ್ಲಿ ಗೊಬ್ಲಾಂ ನೇಯ್ಗೆ ಕಾರ್ಯಾಗಾರದ ಬಣ್ಣಗಾರಿಕೆಯ ನಿರ್ದೇಶಕರಾದ ಅವರು, ಅಕ್ಕಪಕ್ಕದ ಬಣ್ಣಗಳು ಕಣ್ಣಿಗೆ ಪರಸ್ಪರ ಬದಲಾದಂತೆ ತೋರುವ ನಿಯಮವನ್ನು ಕುರಿತು 1839ರಲ್ಲಿ ಗ್ರಂಥ ಪ್ರಕಟಿಸಿದರು. ಇದು ಚಿತ್ರಕಾರರ ಮೇಲೂ ಪ್ರಭಾವ ಬೀರಿತು.

ಗೌರವ ಮತ್ತು ಪರಂಪರೆ

1857ರಲ್ಲಿ ಅವರಿಗೆ ಕಾಪ್ಲೆ ಪದಕ ಲಭಿಸಿತು. 1886ರಲ್ಲಿ ಅವರ ಶತಮಾನೋತ್ಸವವನ್ನು ಆಚರಿಸಲಾಯಿತು. ತಮ್ಮ 102ನೆಯ ವಯಸ್ಸಿನಲ್ಲಿ ಪ್ಯಾರಿಸ್‌ನಲ್ಲಿ ನಿಧನರಾದರು. ಐಫೆಲ್ ಗೋಪುರದ ಮೇಲೆ ಕೆತ್ತಲಾದ 72 ಹೆಸರುಗಳಲ್ಲಿ ಅವರದೂ ಒಂದು.

ಷೆವ್ರಲ್ ಕ್ಷಾರದಿಂದ ಸಾಧಿಸಿದ ವಿಭಜನೆಯನ್ನು ಸಸ್ಯಗಳು ಕಿಣ್ವದಿಂದ ಸಾಧಿಸುತ್ತವೆ. ಮೊಳೆಯುವ ಹರಳು ಬೀಜದಲ್ಲಿ ಇಂತಹ ಕಿಣ್ವವಿರುವುದನ್ನು ರೆನಾಲ್ಡ್ಸ್ ಗ್ರೀನ್ 1890ರಲ್ಲಿ ವರದಿ ಮಾಡಿದರು. 20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಕಾನ್‌ಸ್ಟೈನ್ ಮತ್ತು ಸಂಗಡಿಗರು, ಹರಳು ಬೀಜದ ಕಿಣ್ವದಿಂದ ಎಣ್ಣೆಗಳನ್ನು ಒಡೆದು ಮೇದಾಮ್ಲ ಪಡೆಯುವ ವಿಧಾನವನ್ನು ರೂಪಿಸಿದರು.