ದೀಪಧಾರಿಣಿಯ ಗೂಬೆ

ಫ್ಲಾರೆನ್ಸ್ ನೈಟಿಂಗೇಲಳ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ವಿರಳ. ದೀಪ ಹಿಡಿದು ಗಾಯಾಳುಗಳ ನಡುವೆ ನಡೆಯುವ ಆಕೆಯ ಚಿತ್ರ ಎಲ್ಲರಿಗೂ ಪರಿಚಿತ. ಆ ದೀಪದ ಪ್ರಭೆಯಲ್ಲಿ ಮರೆಯಾಗಿರುವ ಬೇರೊಂದು ಸಂಗತಿಯನ್ನು ವಾಚಕರ ಮುಂದಿಡುವುದು ನನ್ನ ಉದ್ದೇಶ. ರೋಗಿಗೂ ಮೂಕಪ್ರಾಣಿಗೂ ಇರುವ ನಂಟನ್ನು ಆಕೆ ಅರಿತಿದ್ದ ಬಗೆಯೇ ಅದು.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸಿರಿವಂತ ಆಂಗ್ಲ ಕುಟುಂಬದಲ್ಲಿ ಆಕೆ ಜನಿಸಿದಳು. ದಾದಿಯ ಕೆಲಸ ಕುಲೀನ ಸ್ತ್ರೀಯರಿಗೆ ತಕ್ಕುದಲ್ಲವೆಂದು ಮನೆಯವರು ಬಹುಕಾಲ ತಡೆದರು. 1850ರಲ್ಲಿ ಗ್ರೀಸ್ ಪ್ರವಾಸದಲ್ಲಿದ್ದಾಗ, ಅಥೆನ್ಸಿನಲ್ಲಿ ಹುಡುಗರ ಕೈಗೆ ಸಿಕ್ಕಿದ್ದ ಗೂಬೆಮರಿಯೊಂದನ್ನು ಬಿಡಿಸಿಕೊಂಡು, ಅಥೀನಾ ಎಂದು ಹೆಸರಿಟ್ಟು, ಜೇಬಿನಲ್ಲಿಟ್ಟುಕೊಂಡು ಓಡಾಡಿದಳು. ನಾವು ಅಪಶಕುನವೆನ್ನುವ ಹಕ್ಕಿ ಆಕೆಯ ಸಂಗಾತಿಯಾಯಿತು! 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಹೊರಡುವ ಗಡಿಬಿಡಿಯಲ್ಲಿ ಅದು ಸತ್ತಿತು. ಕೆಡದಂತೆ ಕಾಪಿಟ್ಟ ಅದರ ದೇಹವು ಲಂಡನ್ನಿನಲ್ಲಿ ಆಕೆಯ ಹೆಸರಿನ ವಸ್ತುಸಂಗ್ರಹಾಲಯದಲ್ಲಿದೆ.

ಸ್ಕುಟಾರಿಯ ಆಸ್ಪತ್ರೆಯಲ್ಲಿ ಗಾಯಕ್ಕಿಂತ ರೋಗರುಜಿನಗಳಿಂದ ಸತ್ತವರೇ ಹೆಚ್ಚು. ಆ ಅನುಭವದ ಫಲವಾಗಿ, ಶುಶ್ರೂಷೆಯನ್ನು ಕುರಿತ ಆಕೆಯ ಪುಸ್ತಕ 1860ರ ಹೊತ್ತಿಗೆ ಹೊರಬಂದಿತು. ಗಾಳಿ, ಬೆಳಕು, ಶುಚಿತ್ವಗಳ ಜೊತೆಗೆ ಅದರಲ್ಲಿ ಸಾಕುಪ್ರಾಣಿಗೂ ಸ್ಥಾನವುಂಟು. ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಬಿದ್ದಿರುವ ರೋಗಿಗೆ ಪಂಜರದ ಹಕ್ಕಿಯೊಂದೇ ಸುಖವಾಗಬಹುದೆಂದೂ, ಕೈಲಾದರೆ ಅದರ ಆರೈಕೆಯನ್ನು ರೋಗಿಯೇ ಮಾಡುವಂತೆ ಹುರಿದುಂಬಿಸಬೇಕೆಂದೂ ಆಕೆ ತಿಳಿಸಿದಳು.

ಈ ಕೊನೆಯ ಮಾತೇ ನನಗೆ ಬಹುಮುಖ್ಯವೆನಿಸಿತು. ವಾಸಿಯಾಗದ ರೋಗಿಯ ಬಳಿಗೆ ಬರುವವರೆಲ್ಲರೂ ಕೊಡುವವರೇ. ಅವನಿಂದ ಏನನ್ನಾದರೂ ಬೇಡುವವರಿಲ್ಲ. ಹಕ್ಕಿಯಾದರೋ ಅವನ ಕೈಯಿಂದ ಕಾಳನ್ನು ಬೇಡುತ್ತದೆ. ತನ್ನಿಂದ ಇನ್ನೂ ಒಂದು ಜೀವಕ್ಕೆ ಉಪಕಾರವಿದೆಯೆಂಬ ಭಾವನೆ ಯಾವ ಔಷಧಿಯಿಂದ ಬಂದೀತು?

ಇದನ್ನು ಆಕೆ ಸ್ವತಃ ಬಲ್ಲಳು. 1857ರ ನಂತರ ದೀರ್ಘ ವ್ಯಾಧಿಯಿಂದ ಎಷ್ಟೋ ವರ್ಷ ಹಾಸಿಗೆ ಹಿಡಿದಳು. ಅಲ್ಲಿಂದಲೇ ವರದಿಗಳನ್ನೂ ಪತ್ರಗಳನ್ನೂ ಬರೆದಳು. ಸುತ್ತಲೂ ಸಾಕಿದ ಬೆಕ್ಕುಗಳು! ಅವುಗಳ ಹೆಜ್ಜೆಗುರುತು ಆಕೆಯ ಕಾಗದಗಳ ಮೇಲೂ ಮೂಡಿದೆ. 1910ರ ಆಗಸ್ಟ್ 13ರಂದು, ತನ್ನ 90ನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು.

1967ರಲ್ಲಿ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೊಫರ್ ಹಾಸ್ಪಿಸ್ ತೆರೆದಳು. ಮರಣ ಸಮೀಪಿಸಿದವರ ನೋವನ್ನು ತಣಿಸುವ ಇಂತಹ ಆಶ್ರಯಗಳು ಇಂದು ಅನೇಕ ದೇಶಗಳಲ್ಲಿವೆ. ಅವುಗಳಲ್ಲಿ ಹಲವಕ್ಕೆ ಪಳಗಿದ ನಾಯಿಗಳನ್ನು ಕರೆತರುತ್ತಾರೆ. ಪ್ರಾಣಿಗೆ ಲಸಿಕೆ ಹಾಕಿಸಿರಬೇಕು, ಮುಟ್ಟಿದವರು ಕೈ ತೊಳೆಯಬೇಕು, ರೋಗಿಯ ಒಪ್ಪಿಗೆಯೂ ಬೇಕು. ಇದರಿಂದ ರೋಗ ಗುಣವಾಗದು. ಆದರೆ ಒಂಟಿತನವೂ ಕಳವಳವೂ ತುಸು ತಗ್ಗಬಹುದು. ವೈದ್ಯನು ಕೈಚೆಲ್ಲಿದ ಮೇಲೂ ಶುಶ್ರೂಷೆಗೆ ಕೆಲಸ ಉಳಿದಿರುತ್ತದೆಯೆಂಬುದನ್ನು ಆ ಗೂಬೆಯ ಒಡತಿ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕಂಡಿದ್ದಳು.